ಸುಮ್ಮನೆ ಓಡುವುದು

ನಡುವಯಸ್ಸಿನ ಹೆಂಗಸು ಬೀದಿಯಲ್ಲಿ ಓಡಿದರೆ ನೋಡಿದವರು ಎರಡೇ ಕಾರಣ ಊಹಿಸುತ್ತಾರೆ: ಒಂದೋ ನಾಯಿ ಬೆನ್ನು ಹತ್ತಿದೆ, ಇಲ್ಲವೇ ಒಲೆಯ ಮೇಲೆ ಹಾಲಿಟ್ಟು ಬಂದಿದ್ದಾಳೆ. ಖುಷಿಗಾಗಿಯೂ ಓಡಬಹುದೆಂಬುದು ಐವತ್ತೆರಡು ವರ್ಷ ನನಗೂ ಹೊಳೆದಿರಲಿಲ್ಲ. ತವರೂರು ಧಾರವಾಡದಲ್ಲಿ ಜೋರಾಗಿ ನಡೆದರೂ ಅವ್ವ ಗಂಡುಬೀರಿ ಎನ್ನುತ್ತಿದ್ದಳು. ಈಗಿರುವ ಮರಾಠಿ ನಾಡಿನಲ್ಲಿ, ಧನಕವಡಿಯ ನಮ್ಮ ವಸತಿ ಸೊಸೈಟಿಯ ಓಟದ ಗುಂಪಿಗೆ ಸೇರಿ ಗುಲಾಬಿ ಬಣ್ಣದ ಬೂಟು ತಂದ ದಿನ ನನ್ನ ಗಂಡ ಒಮ್ಮೆ ಬೂಟನ್ನು, ಒಮ್ಮೆ ನನ್ನನ್ನು ನೋಡಿ ಪೇಪರಿನ ಹಿಂದೆ ಮರೆಯಾದರು.

ಆ ಮಂಗಳವಾರ ಬೆಳಿಗ್ಗೆ ಪಕ್ಕದ ಬಡಾವಣೆ ಕಾತ್ರಜದವರೆಗೆ ಒಮ್ಮೆಯೂ ನಿಲ್ಲದೆ ಓಡುವ ಪಣ ತೊಟ್ಟಿದ್ದೆ. ಅರ್ಧ ದಾರಿ ಮುಗಿದಿತ್ತು. ಎದೆ ನಗಾರಿಯಂತೆ ಬಡಿದುಕೊಳ್ಳುತ್ತಿದ್ದರೂ ಹೀಗೇ ದೂರದ ಸಾತಾರಾ ಊರನ್ನೇ ಮುಟ್ಟಿಬಿಡುವೆನೇನೋ ಎಂಬ ಹುರುಪು. "ಅಯ್ಯ ಶಿವನ, ಆಗ್ತದ, ಆಗ್ತದ" ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದೆ. ಪಕ್ಕದಲ್ಲೇ ಸ್ಟಾಪಿನಿಂದ ಹೊರಟ ಬಸ್ಸಿನ ಬಾಗಿಲಲ್ಲಿ ನಿಂತ ಹೆಂಗಸಿಗೆ ಆ ಕನ್ನಡ ಕೇಳಿಸಿತು. ನಾನು ಬಸ್ಸಿಗಾಗಿ ಓಡುತ್ತಿದ್ದೇನೆಂದುಕೊಂಡು ಆಕೆ ಕಂಡಕ್ಟರಿಗೆ ಮರಾಠಿಯಲ್ಲಿ ಕೂಗಿ ಬಸ್ಸು ನಿಲ್ಲಿಸಿ, ನನ್ನ ರಟ್ಟೆ ಹಿಡಿದು ಒಳಗೆಳೆದುಕೊಂಡಳು. ಬಸ್ಸಿಗೆ ಬಸ್ಸೇ ನಿಟ್ಟುಸಿರು ಬಿಟ್ಟಿತು. ಯಾರೋ ಎದ್ದು ಸೀಟು ಕೊಟ್ಟರು. ಇಷ್ಟು ಜನರ ಪುಣ್ಯವನ್ನು ಹಾಳು ಮಾಡುವುದು ಹೇಗೆ? ಕುಳಿತೆ. ಟಿಕೆಟ್ಟನ್ನೂ ತೆಗೆದುಕೊಂಡೆ.

ಆಕೆ ಶಾಂತಮ್ಮ, ಯಾದಗಿರಿ ಕಡೆಯವಳು, ಕಟ್ಟಡದ ಕೆಲಸಕ್ಕೆ ಹೊರಟಿದ್ದಳು. ಕೆಲಸಕ್ಕೆ ತಡವಾಯಿತೇ ಎಂದು ಕನಿಕರದಿಂದ ಕೇಳಿದಳು.

"ಇಲ್ಲವ್ವಾ, ನಾ ಸುಮ್ನ ಓಡ್ಲಿಕತ್ತಿದ್ದೆ."

"ಸುಮ್ನ ಓಡಾಕ ಬಿಡ್ತಾರೇನ್ರಿ ಅಕ್ಕಾರ?"

ಬಿಡುತ್ತಾರೆ, ರವಿವಾರ ನಮ್ಮ ಗುಂಪಿಗೆ ಗುಂಪೇ ಓಡುತ್ತದೆ ಎಂದೆ. ಆಕೆ, ಶಾಲೆಯಲ್ಲಿ ತಾನು ಗಂಡುಹುಡುಗರನ್ನೂ ಹಿಂದೆ ಹಾಕುತ್ತಿದ್ದೆನೆಂದೂ ಮದುವೆಯಾದ ಮೇಲೆ ಬಸ್ಸು ಹಿಡಿಯಲು ಬಿಟ್ಟು ಬೇರೆ ಯಾವುದಕ್ಕೂ ಓಡಿಲ್ಲವೆಂದೂ ಹೇಳಿದಳು. ಇಳಿಯುವಾಗ, ರವಿವಾರ ತಾನೂ ಬರಬಹುದೇ ಎಂದು ಕೇಳಿದಳು.

ಬಂದೇಬಿಟ್ಟಳು. ಸೀರೆಯನ್ನು ಮೇಲೆತ್ತಿ ಸಿಕ್ಕಿಸಿ, ಚಪ್ಪಲಿ ಕಳಚಿ ನನ್ನ ಕೈಗೆ ಕೊಟ್ಟಳು. ಉಸಿರು ಹೇಗೆ ಬಿಡಬೇಕು, ಹೆಜ್ಜೆ ಹೇಗೆ ಊರಬೇಕು ಎಂದು ನಾನು ವಿವರಿಸುತ್ತಿರುವಾಗಲೇ ಓಟ ಶುರುವಾಯಿತು. ಮೊದಲ ತಿರುವಿನಲ್ಲೇ ಅವಳು ಕಣ್ಮರೆ. ನಾನು ಗುರಿ ಮುಟ್ಟುವ ಹೊತ್ತಿಗೆ ಅವಳು ಚಹಾ ಮುಗಿಸಿ, ಕೆಂಪೇರಿದ ಮುಖದಲ್ಲಿ ಶಾಲೆಯ ಹುಡುಗಿಯಂತೆ ನಗುತ್ತಿದ್ದಳು. ಗುಂಪಿನವರೆಲ್ಲ ಅವಳನ್ನು ಸುತ್ತುವರಿದಿದ್ದರು. ಇವಳಿಗೆ ಇಂಥ ಓಟ ಕಲಿಸಿದವರು ಯಾರೆಂದು ಒಬ್ಬರು ಕೇಳಿದರು. ಎರಡೂ ಕೈಯಲ್ಲಿ ಅವಳ ಚಪ್ಪಲಿ ಹಿಡಿದು ಏದುಸಿರು ಬಿಡುತ್ತಿದ್ದ ನಾನು ವಿನಯದಿಂದ ತಲೆ ತಗ್ಗಿಸಿದೆ.