ಒತ್ತಿದರೆ ಒಂದೇ ಅಲೆ

ನಿನ್ನೆ ಸಂಜೆ ಎಲೆಕ್ಟ್ರಾನಿಕ್ಸ್ ಮೇಷ್ಟ್ರು ಯಂತ್ರದ ಒಂದು ಗುಂಡಿ ಒತ್ತಿ, ಒಂದು ತಿರುಪು ತಿರುಗಿಸಿ, ಹಾಗೇ ಬಿಟ್ಟು ಮನೆಗೆ ಹೋಗಿದ್ದರು. ಆದದ್ದು ಇಷ್ಟೇ.

ಬೆಳಿಗ್ಗೆ ಪಾಲಿಟೆಕ್ನಿಕ್ಕಿನ ಲ್ಯಾಬಿನ ಬಾಗಿಲು ತೆಗೆದ ಸಹಾಯಕನಿಗೆ ಅದು ಮೊದಲ ನೋಟಕ್ಕೇ ಕಂಡಿತು. ಮಾತು ಕಡಿಮೆಯಾದ್ದರಿಂದ ಅವನಿಗೆ ಮೌನಿ ಎಂದೇ ಹೆಸರು. ಹದಿನೆಂಟು ವರ್ಷದಿಂದ, ವಿದ್ಯುತ್ತಿನ ಅಲೆ ಹುಟ್ಟಿಸುವ ಆ ವೇವ್‌ಫಾರ್ಮ್ ಜನರೇಟರನ್ನು ಒರೆಸಿ, ಹೊದಿಸಿ, ನೋಡಿಕೊಂಡವನು ಅವನೇ. ಕಂಟಿನ್ಯೂಯಸ್ ಗುಂಡಿ ಒತ್ತಿದ್ದರೆ ಅದು ಬಿಡುವಿಲ್ಲದೆ ಅಲೆ ಹೊರಡಿಸುತ್ತದೆ. ಪಕ್ಕದ ಆಸಿಲೋಸ್ಕೋಪಿನ ಪರದೆಯ ಮೇಲೆ ಹಸಿರು ಅಲೆಗಳು ಸಾಲುಗಟ್ಟಿ ನಿಲ್ಲುತ್ತವೆ. ಟ್ರಿಗರ್‌ನಲ್ಲಿಟ್ಟರೆ ಕೋಪಗೊಂಡ ಅಳಿಯನಂತೆ ಮುಖ ಊದಿಸಿಕೊಂಡು ಕೂರುತ್ತದೆ. ಒಮ್ಮೆ ಕೆಣಕಿದರೆ ಒಂದೇ ಅಲೆ, ಮತ್ತೆ ಮೌನ. ಈಗ ಅದು ಟ್ರಿಗರ್‌ನಲ್ಲಿತ್ತು. ಸಾಲದ್ದಕ್ಕೆ ಆಫ್‌ಸೆಟ್ ತಿರುಪು ಬಲತುದಿಗೆ ಹೋಗಿ ಕೂತಿತ್ತು. ಅಲೆಯನ್ನು ಇಡಿಯಾಗಿ ಮೇಲಕ್ಕೋ ಕೆಳಕ್ಕೋ ಸರಿಸುವ ತಿರುಪು ಅದು. ಹಾಗಾಗಿ ಬರುವ ಆ ಒಂದು ಅಲೆಯೂ ಪರದೆಯ ನೆತ್ತಿ ದಾಟಿ, ಯಾರ ಕಣ್ಣಿಗೂ ಬೀಳದೆ ಹೋಗುತ್ತಿತ್ತು.

ಎರಡು ಬೆರಳಿನ ಕೆಲಸ. ಮೌನಿ ಕೈ ಚಾಚಿದ. ಅಷ್ಟರಲ್ಲಿ ಬಾಗಿಲಲ್ಲಿ ಪ್ರಿನ್ಸಿಪಾಲರು ಗುಡುಗಿದರು.

"ಹನ್ನೊಂದು ಗಂಟೆಗೆ ತಪಾಸಣೆ ಮೇಡಮ್ ಬರ್ತಾರೆ. ಆ ಪರದೆ ಮೇಲೆ ಅಲೆ ಸರಿಯಾಗಿ ಕಾಣ್ಲಿಲ್ಲ ಅಂದ್ರೆ ಮೌನಿ, ನಾಳೆಯಿಂದ ನೀನು ಲೈಬ್ರರಿಗೆ! ನಾನು ಮಾತು ಆಡಿದ್ರೆ ಆಡಿದ್ದೇ, ಗೊತ್ತಲ್ಲ?"

ಮೌನಿಯ ಕೈ ಅರ್ಧದಾರಿಯಲ್ಲೇ ನಿಂತಿತು.

ಆ ಕಾಲೇಜಿನಲ್ಲಿ ಲೈಬ್ರರಿಗೆ ಹಾಕುವುದೆಂದರೆ ವನವಾಸಕ್ಕೆ ಅಟ್ಟಿದ ಹಾಗೆ. ನೆಲಮಾಳಿಗೆಯ ಕೋಣೆ; ಫೋನಿಗೆ ಸಿಗ್ನಲ್ ಇಲ್ಲ, ಮಾತಿಗೆ ಜನ ಇಲ್ಲ. ಹಿಂದಿದ್ದವರು ನಿವೃತ್ತರಾದ ಮೇಲೆ ಅತ್ತ ತಲೆ ಹಾಕಿದವರೂ ಇಲ್ಲ, ವಾರಕ್ಕೊಮ್ಮೆ ದೂಳು ಹೊಡೆಯಲು ಹೋಗುವ ಮೌನಿಯೊಬ್ಬನನ್ನು ಬಿಟ್ಟು. ಅಲ್ಲಿ ಮೂರು ಬೀರು ತುಂಬ ಹಳಗಾಲದ ಕಾವ್ಯಗಳಿದ್ದವು. ಚಿಕ್ಕವನಿದ್ದಾಗ ಅವನಮ್ಮ ಅಕ್ಕಿ ಆರಿಸುತ್ತ ರಾಗವಾಗಿ ಹೇಳುತ್ತಿದ್ದ ಪದ್ಯಗಳು ಅವುಗಳಲ್ಲಿದ್ದವು. ಅವನ್ನೆಲ್ಲ ಒಂದೊಂದಾಗಿ, ಯಾರ ಅವಸರವೂ ಇಲ್ಲದೆ, ತುಟಿ ಅಲ್ಲಾಡಿಸುತ್ತ ಓದಬೇಕೆಂಬ ಆಸೆ ಮೌನಿಗೆ ಹತ್ತು ವರ್ಷದ್ದು. ಕೇಳಿ ಪಡೆಯುವ ಧೈರ್ಯವಿರಲಿಲ್ಲ. ಈಗ ವರ ತಾನಾಗಿ, ಬೈಗುಳದ ವೇಷದಲ್ಲಿ, ಬಾಗಿಲಿಗೆ ಬಂದಿತ್ತು.

ಮೌನಿ ದೇವರಿಗೆ ಅಂಜುವ ಮನುಷ್ಯ. ಯಂತ್ರವನ್ನು ತಾನಾಗಿ ಕೆಡಿಸುವುದು ಪಾಪ, ಸರಿ. ಸುಳ್ಳು ಹೇಳುವುದೂ ಪಾಪ. ಯಾರೂ ಕೇಳದಿದ್ದಾಗ ಸುಮ್ಮನಿರುವುದು? ಅಮ್ಮನಿಂದ ಕೇಳಿದ ಪದ್ಯಗಳನ್ನೆಲ್ಲ ಮನಸ್ಸಿನಲ್ಲಿ ತಿರುವಿಹಾಕಿದ. ಅದು ಪಾಪವೆಂದು ಯಾವುದರಲ್ಲೂ ಇರಲಿಲ್ಲ. ಯಾರಾದರೂ ಬಾಯಿಬಿಟ್ಟು ಕೇಳಿದರೆ ಹೇಳಿಯೇಬಿಡುತ್ತೇನೆ ಎಂದು ನಿಶ್ಚಯಿಸಿ, ಕೈಕಟ್ಟಿ ಗೋಡೆಗೊರಗಿದ. ಹದಿನೆಂಟು ವರ್ಷದಲ್ಲಿ ಅವನನ್ನು ಯಾರೂ ಏನನ್ನೂ ಕೇಳಿರಲಿಲ್ಲ.

ಮೇಷ್ಟ್ರು ಬಂದರು. ಪರದೆ ಖಾಲಿ ಇದ್ದದ್ದು ನೋಡಿ ಅವರ ಮುಖವೂ ಖಾಲಿಯಾಯಿತು.

"ಅಯ್ಯೋ, ನಿನ್ನೆ ನನ್ನ ಕೈಯಲ್ಲಿ ಚೆನ್ನಾಗೇ ಇತ್ತಲ್ಲ ಇದು! ಜರುಗು ಮೌನಿ, ಬೆಳಕಿಗೆ ಅಡ್ಡ ನಿಲ್ಬೇಡ."

ಮೌನಿ ಸಂತೋಷದಿಂದ ಜರುಗಿದ. ಮೇಷ್ಟ್ರು ಅಲೆಯ ಎತ್ತರ ಹೆಚ್ಚಿಸಿದರು, ವೇಗ ಬದಲಿಸಿದರು. ಕೆಣಕದ ಯಂತ್ರ ಏನು ಕೊಟ್ಟೀತು? ಹತ್ತೂವರೆಗೆ ವೈರ್‌ಮ್ಯಾನ್‌ಗೆ ಕರೆ ಹೋಯಿತು. ಅವನ ಹಿಂದೆಯೇ, ಎಲ್ಲಿ ನಾಲ್ಕು ಜನ ಸೇರಿದರೂ ಅಲ್ಲಿರುವ ಆಫೀಸಿನ ಅಕ್ಕನೂ ಬಂದರು.

"ಫ್ಯೂಸ್ ಹೋಗಿರತ್ತೆ ಸಾರ್," ಎಂದ ವೈರ್‌ಮ್ಯಾನ್.

"ದೀಪ ಉರೀತಿದೆಯಲ್ಲೋ!"

"ದೀಪ ಉರಿಯೋ ಫ್ಯೂಸೇ ಬೇರೆ ಸಾರ್."

"ನಮ್ಮನೆ ಟೀವಿನೂ ಹಿಂಗೇ ಮಾಡೋದು," ಎಂದರು ಅಕ್ಕ. "ನೆತ್ತಿ ಮೇಲೆ ಎರಡು ಬಿಟ್ರೆ ಸರಿಹೋಗತ್ತೆ. ನಮ್ಮನೆಯವರಿಗೂ ಅದೇ ಮದ್ದು." ಎಂದವರೇ ಎರಡು ಬಿಟ್ಟೇಬಿಟ್ಟರು.

ಏನೂ ಆಗಲಿಲ್ಲ. ಮೌನಿ ಒಳಗೊಳಗೇ ಮೊದಲ ಬೀರಿನ ಮೊದಲ ಪುಸ್ತಕ ತೆರೆದಿದ್ದ. ಆದರೆ ವೈರ್‌ಮ್ಯಾನ್ "ಕಾಂಟ್ಯಾಕ್ಟ್ ಕೊಳೆಯಾಗಿರತ್ತೆ" ಎನ್ನುತ್ತ ಚಿಂದಿಬಟ್ಟೆ ತೆಗೆದು ತಿರುಪುಗಳನ್ನೆಲ್ಲ ತಿಕ್ಕತೊಡಗಿದ. ಬಟ್ಟೆಗೆ ಸಿಕ್ಕಿ ಆಫ್‌ಸೆಟ್ ತಿರುಪು ಗರಗರ ಹಿಂದಕ್ಕೆ ಬಂತು. ಪರದೆಯ ಮೇಲಿನಿಂದ ಹಸಿರು ಗೆರೆಯೊಂದು ಇಳಿದು ನಟ್ಟನಡುವೆ ಮಲಗಿತು.

"ಗೆರೆ ಬಂತು!" ಮೇಷ್ಟ್ರು ಕುಣಿದರು.

ಮೌನಿ ಒಳಗೇ ತೆರೆದಿದ್ದ ಪುಸ್ತಕ ಅರ್ಧ ಮುಚ್ಚಿತು. ಮೇಷ್ಟ್ರು ತಿಳಿಯದೆ ಹಾಕಿದ್ದ ಎರಡು ಬೀಗಗಳಲ್ಲಿ ಒಂದು ತೆರೆದಿತ್ತು.

"ಗೆರೆ ಬಂದ್ರೆ ಆಯ್ತಾ, ಅಲೆ ಎಲ್ಲಿ?" ಎಂದು ಅಕ್ಕ ಕಂಡಕಂಡ ಗುಂಡಿಗೆ ಬೆರಳಿಟ್ಟರು. ಅದರಲ್ಲೊಂದು ಕೆಣಕುವ ಗುಂಡಿ. ಒಂದು ಅಲೆ ಮಿಂಚಿ ಮಾಯವಾಯಿತು. ಮತ್ತೆ ಒತ್ತಿದರು. ಮತ್ತೊಂದು.

"ಒತ್ತಿದ್ರೆ ಒಂದು! ಬಡ್ಡೀಮಗಂದು ಲೆಕ್ಕ ಇಟ್ಕೊಂಡು ಕೊಡ್ತಿದೆ!" ಎಂದ ವೈರ್‌ಮ್ಯಾನ್.

ಆಗ ಗಂಟೆ ಹನ್ನೊಂದಕ್ಕೆ ಹತ್ತು ನಿಮಿಷ. ಪಕ್ಕದ ಗುಂಡಿ ಒತ್ತಿ ಕಂಟಿನ್ಯೂಯಸ್ ಮಾಡಬಹುದೆಂದು ಯಾರಿಗೂ ಹೊಳೆಯಲಿಲ್ಲ. ಮೇಷ್ಟ್ರಿಗೆ ಹೊಳೆದದ್ದು ಅದಕ್ಕಿಂತ ದೊಡ್ಡದು. ಯಂತ್ರದ ಹಿಂಬದಿಯಲ್ಲಿ, ಹೊರಗಿನಿಂದ ಕೆಣಕಲೆಂದೇ ಒಂದು ಕಿಂಡಿಯಿತ್ತು. ಅದಕ್ಕೆ ಎರಡು ತಂತಿ, ತಂತಿಗೆ ಒಂದು ಬ್ಯಾಟರಿ, ಒಂದು ಕಾಲಿಂಗ್ ಬೆಲ್ಲಿನ ಸ್ವಿಚ್ಚು. ಸ್ವಿಚ್ಚಿನ ಸಮೇತ ವೈರ್‌ಮ್ಯಾನ್ ಮೇಜಿನ ಕೆಳಗೆ.

"ಮೇಡಮ್ ಹೋಗೋವರೆಗೂ ಒತ್ತುತ್ತಾ ಇರು. ಒಂದೇ ಸಮ. ನಿಲ್ಲಿಸ್ಬೇಡ."

"ಸಾರ್, ನನಗೆ ಮಂಡಿನೋವು..."

"ಒತ್ತೋದು ಮಂಡಿಯಿಂದಲ್ಲ ಮಾರಾಯಾ!"

ತಪಾಸಣೆ ಮೇಡಮ್ ಬಂದರು. ನರೆತ ಕೂದಲು, ಮೂಗಿನ ತುದಿಯಲ್ಲಿ ಕನ್ನಡಕ, ಮೆಲುದನಿ. ಪರದೆಯ ಮೇಲೆ ಅಲೆಗಳು ಒಂದರ ಹಿಂದೊಂದು ಮಿನುಗುತ್ತಿದ್ದವು. ಪ್ರಿನ್ಸಿಪಾಲರು ಹೆಮ್ಮೆಯಿಂದ ಬೀಗಿದರು. ಮೇಷ್ಟ್ರು ವಿವರಿಸತೊಡಗಿದರು. ಲಯಕ್ಕೆ ಪಳಗಿದ ಮೌನಿಯ ಕಿವಿಗೆ ಮಾತ್ರ ಮೇಜಿನಡಿಯ ಟಿಕ್ ಟಿಕ್ ಕೇಳುತ್ತಿತ್ತು. ಮೊದಲು ಚುರುಕಾಗಿತ್ತು. ಆಮೇಲೆ ನಿಧಾನವಾಯಿತು. ಆಮೇಲೆ ಹಾಡು ಮರೆತವನಂತೆ ತಡವರಿಸಿತು. ಕೊನೆಗೆ ಮೇಜಿನಡಿಯಿಂದ ದೊಡ್ಡದೊಂದು ಸೀನು ಬಂತು. ಅದರ ರಭಸಕ್ಕೆ ನಾಲ್ಕು ಅಲೆ ಒಟ್ಟಿಗೇ ಹಾರಿ, ಎಲ್ಲ ಸ್ತಬ್ಧವಾಯಿತು.

"ನಿಮ್ಮ ಅಲೆಗೆ ನೆಗಡಿಯಾಗಿದೆ," ಎಂದರು ಮೇಡಮ್.

ಮೇಡಮ್ ಕೋಣೆಯನ್ನೊಮ್ಮೆ ನೋಡಿದರು. ಪ್ರಿನ್ಸಿಪಾಲರನ್ನು ದಾಟಿ, ಮೇಷ್ಟ್ರನ್ನು ದಾಟಿ, ಅವರ ಕಣ್ಣು ಗೋಡೆಗೊರಗಿದವನ ಮೇಲೆ ನಿಂತಿತು.

"ನೀವು ಹೇಳಿ. ಏನಾಗಿದೆ ಇದಕ್ಕೆ?"

ಮೌನಿಯ ಕಣ್ಣ ಮುಂದೆ ಮೂರು ಬೀರುಗಳೂ ಬಾಗಿಲು ಮುಚ್ಚಿಕೊಂಡವು. ಕೇಳಿದ್ದಾಯಿತು. ಇನ್ನು ಹೇಳದೆ ವಿಧಿಯಿಲ್ಲ.

"ಏನೂ ಆಗಿಲ್ಲಮ್ಮ. ಟ್ರಿಗರ್‌ನಲ್ಲಿದೆ, ಅಷ್ಟೇ," ಎಂದು ಮುಂದೆ ಬಂದು ಕಂಟಿನ್ಯೂಯಸ್ ಒತ್ತಿದ. ಆಫ್‌ಸೆಟ್ಟನ್ನು ಕೂದಲೆಳೆಯಷ್ಟು ಸರಿಮಾಡಿದ. ಗಾಳಿ ಬೀಸಿದ ಕೆರೆಯಂತೆ ಪರದೆಯ ತುಂಬ ಅಲೆ ತುಂಬಿಕೊಂಡಿತು. ಅಂಥ ಚೆಂದದ ಅಲೆಯನ್ನು ಆ ಲ್ಯಾಬು ಎಂದೂ ಕಂಡಿರಲಿಲ್ಲ. ಮೌನಿಗೆ ಅಳುವುದೋ ಹೆಮ್ಮೆಪಡುವುದೋ ತಿಳಿಯಲಿಲ್ಲ.

"ಇವರನ್ನ ಈ ಲ್ಯಾಬಿನಿಂದ ಕದಲಿಸ್ಬೇಡಿ," ಎಂದು ಮೇಡಮ್ ತಪಾಸಣೆಯ ಪುಸ್ತಕದಲ್ಲಿ ಬರೆದೇಬಿಟ್ಟರು. ಆಮೇಲೆ ಕನ್ನಡಕದ ಮೇಲಿನಿಂದ ನೋಡಿ, "ಇದನ್ನ ಟ್ರಿಗರ್‌ನಲ್ಲಿ ಬಿಟ್ಟವರು ಯಾರು?" ಎಂದರು.

ಮೇಷ್ಟ್ರು ಫ್ಯಾನಿನ ರೆಕ್ಕೆ ಎಣಿಸತೊಡಗಿದರು.

ಮೇಡಮ್ ಹೋದ ಮೇಲೆ ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. "ನಾನು ಮಾತು ಆಡಿದ್ದಾಗಿದೆ. ಯಾರಾದ್ರೂ ಒಬ್ಬರು ಲೈಬ್ರರಿಗೆ ಹೋಗ್ಲೇಬೇಕು. ಮೇಷ್ಟ್ರೇ, ಬೀಗದಕೈ ಆಫೀಸಲ್ಲಿದೆ. ಮೌನಿ, ಇವರ ಪ್ರಾಕ್ಟಿಕಲ್ ಕ್ಲಾಸೆಲ್ಲ ಇನ್ನು ಮೇಲೆ ನಿಂದು."

ಮಧ್ಯಾಹ್ನ ಹದಿನೇಳು ವಿದ್ಯಾರ್ಥಿಗಳು ಮೌನಿಯ ಸುತ್ತ ನಿಂತು ಕೇಳಿದ್ದೇ ಕೇಳಿದ್ದು. ಹದಿನೆಂಟು ವರ್ಷ ಕೂಡಿಟ್ಟ ಉತ್ತರಗಳು ಒಂದೊಂದೇ ಖರ್ಚಾದವು. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿತ್ತು. ಮನಸ್ಸು ಮಾತ್ರ ಅಷ್ಟೇನೂ ಭಾರವಾಗಿರಲಿಲ್ಲ. ಇದೂ ಪರವಾಗಿಲ್ಲ ಎಂದುಕೊಳ್ಳುತ್ತ ಅವನು ಯಂತ್ರಕ್ಕೆ ಬಟ್ಟೆ ಹೊದಿಸುತ್ತಿದ್ದಾಗ, ನೆಲಮಾಳಿಗೆಯಿಂದ ಮೇಷ್ಟ್ರು ಮೇಲೆ ಬಂದರು. ತಲೆಯ ಮೇಲೆ ಜೇಡರಬಲೆ, ಕೈಯಲ್ಲಿ ಬೀಗದಕೈ.

"ಮೌನಿ," ಎಂದರು ದೀನರಾಗಿ, "ನಿನ್ನನ್ನ ಒಂದು ಮಾತು ಕೇಳ್ಲಾ? ವಾರವಾರ ಹೋಗ್ತಿದ್ದೆಯಲ್ಲ, ನಿನಗೆ ಗೊತ್ತಿರತ್ತೆ. ಬೆಳಿಗ್ಗೆಯಿಂದ ಸಂಜೆವರೆಗೂ ಅಲ್ಲಿ ಹೊತ್ತು ಕಳೆಯೋದು ಹೇಗಪ್ಪಾ? ಮಾಡೋಕೆ ಏನೂ ಇಲ್ಲ ಅಲ್ಲಿ, ಬರೀ ಪುಸ್ತಕ!"