ಮೋಘೆ ಗುರುಜಿ ಕಟ್ಟಿದ ಸಹ್ಯಾದ್ರಿ

ದೀಪಾವಳಿ ಹತ್ತಿರ ಬಂದಾಗ ಕೃಷ್ಣೆಯ ದಂಡೆಯ ವಾಯಿ ಊರಿನಲ್ಲಿ ಯಾರೂ ಅಂಗಳದಲ್ಲಿ ಮಣ್ಣು ಗುಡ್ಡೆ ಹಾಕಬಾರದು. ಹಾಕಿದರೆ ಅದು ಕೋಟೆಯೇ. ಮನೆಮನೆಯ ಮುಂದೆ ಮಕ್ಕಳು ಮಣ್ಣಿನ ಕೋಟೆ ಕಟ್ಟಿ, ಸಾಸಿವೆ ಬಿತ್ತಿ ಹಸಿರು ಬರಿಸಿ, ತುದಿಯಲ್ಲಿ ಮಣ್ಣಿನ ಮಹಾರಾಜರನ್ನು ಕೂರಿಸುವ ಕಾಲದಲ್ಲಿ 'ಇದು ಕೋಟೆಯಲ್ಲ' ಎಂದರೆ ಕೇಳುವವರು ಯಾರು? ಭೂಗೋಳದ ಮಾಸ್ತರರಾದ ಮೋಘೆ ಗುರುಜಿಗೆ ಜಗತ್ತಿನ ಹೊಳೆ-ಬೆಟ್ಟಗಳೆಲ್ಲ ಬಾಯಿಪಾಠ. ಇದೊಂದು ಮಾತ್ರ ಆ ದಿನ ನೆನಪಾಗಲಿಲ್ಲ.

ಪಾಪ, ಅವರ ಆಸೆಯಾದರೂ ದೊಡ್ಡದೇನಲ್ಲ. ಭೂಗೋಳಕ್ಕೊಂದು ಕೋಣೆ ಬೇಕು, ಅಷ್ಟೆ. ನೌಕರಿಗೆ ಸೇರಿದಾಗಿನಿಂದ ಅವರ ಪಾಠ ಶಾಲೆಯ ಜಗಲಿಯ ಮೇಲೆ. ಜೋರಾಗಿ ಗಾಳಿ ಬಂದರೆ ಏಷ್ಯಾ ಖಂಡ ಹಾರಿ ಪಕ್ಕದ ಸಂಗೀತದ ಕ್ಲಾಸಿಗೆ ಹೋಗುತ್ತಿತ್ತು. ಇಲಾಖೆ ಕೊಟ್ಟಿದ್ದ ಪ್ರೊಜೆಕ್ಟರನ್ನು ಗಣೇಶೋತ್ಸವದ ಮಂಡಳಿಯವರು ಒಯ್ದಿದ್ದರು. ಗಣಪತಿ ಮುಳುಗಿದರೂ ಅದು ವಾಪಸು ಬಂದಿರಲಿಲ್ಲ. ಈಗ ಶಾಲೆಯಲ್ಲಿ ಒಂದು ಕೋಣೆ ಖಾಲಿಯಾಗಿತ್ತು.

"ಮಧ್ಯಾಹ್ನ ಶಿಕ್ಷಣಾಧಿಕಾರಿ ಬರ್ತಾರ," ಎಂದಿದ್ದರು ಹೆಡ್‌ಮಾಸ್ತರರಾದ ಇನಾಮದಾರ ಬಾಯಿ. "ಕೈಯಾರೆ ಮಾಡಿ ಕಲಿಸೂದು ಏನರ ತೋರಸ್ರಿ, ಗುರುಜಿ. ಅವರು ಮೆಚ್ಚಿದ್ರ ಖೋಲಿ ನಿಮ್ದು. ಇಲ್ಲಾಂದ್ರ ಮುರದ ಬೆಂಚ್ ತುಂಬಿ ಕೀಲಿ ಹಾಕ್ತೀನಿ."

ಬೆಳಿಗ್ಗೆಯೇ ಗುರುಜಿ ಏಳನೆಯ ತರಗತಿಯ ಮಕ್ಕಳನ್ನು ಕಟ್ಟಿಕೊಂಡು ಅಂಗಳದಲ್ಲಿ ಮಣ್ಣು ಕಲಸಿದರು. ಪಶ್ಚಿಮಕ್ಕೆ ನೀಲಿ ರಂಗೋಲಿ ಪುಡಿಯ ಅರಬ್ಬಿ ಸಮುದ್ರ, ಅದರ ಪಕ್ಕ ಕೊಂಕಣದ ಪಟ್ಟಿ, ಮೊಣಕಾಲೆತ್ತರದ ಸಹ್ಯಾದ್ರಿ, ಅದರಾಚೆ ಪೂರ್ವಕ್ಕೆ ಇಳಿಯುತ್ತ ಹೋಗುವ ಬಯಲು. ನೆತ್ತಿಯ ಮಹಾಬಳೇಶ್ವರದಿಂದ ಕೃಷ್ಣೆಗೊಂದು ಕಾಲುವೆ ತೋಡಿದರು. ಮೇಲಿಂದ ನೀರು ಹೊಯ್ದರೆ, ಸಮುದ್ರ ಬಗಲಲ್ಲೇ ಇದ್ದರೂ ಹೊಳೆ ಅದಕ್ಕೆ ಬೆನ್ನು ತಿರುಗಿಸಿ ಪೂರ್ವಕ್ಕೆ ಯಾಕೆ ಹೋಗುತ್ತದೆ ಎಂಬುದು ಎಂಥ ದಡ್ಡನಿಗೂ ತಿಳಿಯಬೇಕು.

ಗುರುಜಿ ಕೈ ತೊಳೆದು ಬರುವಷ್ಟರಲ್ಲಿ, ಶಾಲೆಯ ಅಡುಗೆ ಮಾಡುವ ಸಗುಣಾ ಮಾವಶಿ ಬಯಲಿನ ತುಂಬ ಸಾಸಿವೆ ಎರಚಿ ನಿಂತಿದ್ದಳು.

"ಅಯ್ಯ ಮಾವಶಿ, ಏನ್ ಮಾಡಿದಿ?"

"ಕ್ವಾಟಿ ಬೋಳ ಕಾಣ್ತಿತ್ರಿ ಗುರುಜಿ. ನೋಡಾಕ ಜೀವಕ್ಕ ಸಮಾಧಾನ ಆಗ್ಲಿಲ್ಲ."

"ಇದು ಕ್ವಾಟಿ ಅಲ್ಲ! ನಕಾಶೆ!"

"ಹೌದೇನ್ರಿ? ನಕಾಶಿಗೂ ಹಸರ ಇದ್ರ ಚಂದಲ್ಲೇನ್ರಿ?"

ಹಸಿರು ಬರುವ ಮೊದಲೇ ಕೋಳಿಗಳು ಬಂದವು. ಸಾಸಿವೆ ಹೆಕ್ಕುತ್ತ ಬಯಲಿನ ತುದಿಯ ವಿದರ್ಭವನ್ನು ಕೆದರಿ ಗುಂಡಿ ಮಾಡಿದವು. ಗುರುಜಿ ಕೋಳಿ ಅಟ್ಟಿಕೊಂಡು ಗೇಟಿನ ತನಕ ಓಡಿ, ಏದುಸಿರು ಬಿಡುತ್ತ ಹಿಂದಿರುಗಿ ನೋಡಿದರೆ, ಸಹ್ಯಾದ್ರಿಗೆ ಒಂದು ಹೆಬ್ಬಾಗಿಲು, ಎರಡು ಬುರುಜು, ಒಂದು ಫಿರಂಗಿ, ಮೇಲೆ ಮಹಾರಾಜರು! ಎದುರು ಮನೆಯ ನಿವೃತ್ತ ಹವಾಲ್ದಾರ ಸಕುಂಡೆಯವರು ಮೊಮ್ಮಕ್ಕಳ ಗೊಂಬೆಯ ಬುಟ್ಟಿ ತಂದು ಕುಕ್ಕರುಗಾಲಲ್ಲಿ ಕೂತಿದ್ದರು.

"ಹವಾಲ್ದಾರ ಸಾಹೇಬ್ರ, ಕೈ ಮುಗೀತೀನಿ, ತಗೀರಿ ಇವನ್ನ!"

"ತಗೀತೀನಂತ. ಮೊದಲ ಇದನ್ನ ಹೇಳ್ರಿ. ವೈರಿ ಮುತ್ತಿಗಿ ಹಾಕಿದ್ರ ಮಹಾರಾಜ್ರು ಎಲ್ಲಿಂದ ಪಾರಾಗಬೇಕು? ಕಳ್ಳದಾರಿನೇ ಇಲ್ಲಲ್ರಿ ನಿಮ್ಮ ಕ್ವಾಟಿಗೆ!"

"ಯಾರೂ ಎಲ್ಲಿಗೂ ಪಾರಾಗೂದಿಲ್ರಿ! ನನ್ನ ಖೋಲಿ ಹೋಗ್ತದ ಇದ್ರಾಗ!"

ಗುರುಜಿಯ ಕಣ್ಣಲ್ಲಿ ನೀರು ಬಂದೇಬಿಟ್ಟಿತು. ಹವಾಲ್ದಾರರ ಮನಸ್ಸು ಕರಗಿತು. ಬುರುಜು ಕೆಡವಿ, ಗೊಂಬೆಗಳನ್ನು ಬುಟ್ಟಿಗೆ ಹಾಕಿ, "ನೀವು ಮನಿಗೆ ಹೋಗಿ ಅಂಗಿ ಬದಲಿಸ್ಕೊಂಡ ಬರ್ರಿ. ಮೈಯೆಲ್ಲ ಕೆಸರಾಗೇದ. ನಾ ಕಾಯ್ತೀನಿ. ಒಂದ ಗೊಂಬಿನೂ ಇಡಾಕ ಬಿಡೂದಿಲ್ಲ, ಮಿಲಿಟರಿ ಮಾತು," ಎಂದರು.

ಮಿಲಿಟರಿಯವರು ಮಾತಿಗೆ ತಪ್ಪುವವರಲ್ಲ. ಗುರುಜಿ ಇಸ್ತ್ರಿ ಅಂಗಿ ತೊಟ್ಟು ಬಂದಾಗ ಸಹ್ಯಾದ್ರಿಯ ಮೇಲೆ ಒಂದು ಕಡ್ಡಿಯೂ ಇರಲಿಲ್ಲ. ವಿದರ್ಭದ ಗುಂಡಿ ಕೂಡ ಮುಚ್ಚಿತ್ತು. ಹವಾಲ್ದಾರರ ಕೈಗೆ ಮೊಣಕೈ ತನಕ ಮಣ್ಣು ಮೆತ್ತಿತ್ತು, ಎಷ್ಟು ಒಳ್ಳೆಯ ಮನುಷ್ಯ ಎಂದುಕೊಂಡರು ಗುರುಜಿ.

ಅಧಿಕಾರಿ ರಣಪಿಸೆ ಸಾಹೇಬರು ಬಂದವರೇ, ಹಬ್ಬದ ಹೊಸ ಬೂಟು ಹಾಕಿಕೊಂಡು ಅರಬ್ಬಿ ಸಮುದ್ರದ ನಡುವೆ ನಿಂತರು. ಕೊಂಕಣ ಗುರುತಿಸಿದರು, ಘಟ್ಟ ಗುರುತಿಸಿದರು. "ಭೇಷ್ ಗುರುಜಿ! ಇಷ್ಟ ವರ್ಷಕ್ಕ ಒಂದ ಶಾಲಿಯೊಳಗ ನಕಾಶೆ ಎದ್ದ ನಿಂತದ್ದ ನೋಡಿದೆ!" ಎಂದರು. ಇನಾಮದಾರ ಬಾಯಿ ಸೊಂಟದಿಂದ ಕೋಣೆಯ ಕೀಲಿಕೈ ತೆಗೆದರು. ಗುರುಜಿಗೆ ಜೀವ ಬಂದಂತಾಯಿತು.

"ಹೊಳಿ ಹರಿಸಿ ತೋರಸ್ರಿ, ನೋಡೋಣು."

ಗುರುಜಿ ನೆತ್ತಿಯ ಮೇಲೆ ತಂಬಿಗೆ ಬಗ್ಗಿಸಿದರು. ಕೃಷ್ಣೆ ಹುಟ್ಟಿದಳು, ಪೂರ್ವಕ್ಕೆ ತಿರುಗಿದಳು, ಚಂದವಾಗಿ ಒಂದು ಗೇಣು ಹರಿದಳು. ನಮ್ಮ ವಾಯಿ ಊರಿನ ಹತ್ತಿರ ಬಂದವಳೇ ಮಾಯವಾದಳು.

"ಗುರುಜಿ, ಕೃಷ್ಣಾ ಎಲ್ಲಿ ಹೋದ್ಲ್ರಿ?" ಎಂದು ಒಬ್ಬಳು ಹುಡುಗಿ ಕೇಳಿದಳು.

ಗಾಬರಿಯಲ್ಲಿ ಗುರುಜಿ ಬಕೆಟ್ಟನ್ನೇ ಎತ್ತಿ ಸುರಿದರು. ಸಹ್ಯಾದ್ರಿಯ ಹೊಟ್ಟೆ ಗುಳುಗುಳು ಅಂದಿತು. ಮರುಗಳಿಗೆ ಕೊಂಕಣ ಸಿಡಿದು, ಕೆಂಪು ನೀರು ಚಿಮ್ಮಿ ನೇರವಾಗಿ ಸಾಹೇಬರ ಹೊಸ ಬೂಟಿನೊಳಗೆ ಇಳಿಯಿತು.

ಹವಾಲ್ದಾರರು ಮುಂದೆ ಬಂದು ಸಲಾಮು ಹೊಡೆದರು.

"ಕಳ್ಳದಾರಿ, ಸಾಹೇಬ್ರ. ನಾನ ತೋಡಿದ್ದು. ಗೊಂಬಿ ಇಡಬ್ಯಾಡ ಅಂದಿದ್ರು ಗುರುಜಿ, ಇಟ್ಟಿಲ್ಲ. ಆದ್ರ ಮಹಾರಾಜ್ರನ್ನ ಹಂಗ ಸಿಗಿಸಿಬಿಡಾಕ ನನ್ನ ಮನಸ್ಸ ಒಪ್ಪಲಿಲ್ಲ."

ಗುರುಜಿ ಕಣ್ಣು ಮುಚ್ಚಿಕೊಂಡರು. ಮುಗಿಯಿತು, ಕೋಣೆಗೆ ಎಳ್ಳುನೀರು ಬಿಟ್ಟಂತೆಯೇ. ಬೈಗುಳಕ್ಕಾಗಿ ಕಾದರು. ಬೈಗುಳ ಬರಲಿಲ್ಲ. ಕಣ್ಣು ಬಿಟ್ಟು ನೋಡಿದರೆ, ಸಾಹೇಬರು ಕೆಸರಿನಲ್ಲಿ ಮೊಣಕಾಲೂರಿ ತೂತಿನೊಳಗೆ ಕೈ ಹಾಕಿದ್ದರು.

"ಕುಸೀಲೇ ಇಲ್ಲಲ್ರಿ! ನಾ ಸಣ್ಣಾಂವ ಇದ್ದಾಗ ಪ್ರತಿ ದೀಪಾವಳಿಗೂ ತೋಡ್ತಿದ್ದೆ, ಪ್ರತಿ ಸಲ ಕ್ವಾಟಿ ಕುಂತಬಿಡ್ತಿತ್ತು. ಹೆಂಗ ಮಾಡಿದ್ರಿ?"

"ಒಳಗ ಪೈಪಿನ ತುಂಡ ಹಾಕೀನ್ರಿ. ತೂತಿನ ಬಾಯಿಗೆ ಎಲಿ ಮುಚ್ಚಿ ಮಣ್ಣ ಸವರೀನಿ."

"ಇನಾಮದಾರ ಬಾಯಿ, ಕೈಯಾರೆ ಮಾಡಿ ಕಲಿಸೂದಂದ್ರ ಇದು!" ಸಾಹೇಬರು ಎದ್ದು ನಿಂತು ಹವಾಲ್ದಾರರ ಹೆಗಲ ಮೇಲೆ ಕೈಯಿಟ್ಟರು. "ಆ ಖೋಲಿ ಇವರಿಗೆ ಕೊಡ್ರಿ. ವಾರಕ್ಕೊಮ್ಮೆ ಬಂದು ಮಕ್ಕಳಿಗೆ ಕ್ವಾಟಿ ಕಟ್ಟೂದು ಕಲಿಸಲಿ."

"ಸಾಹೇಬ್ರ, ಭೂಗೋಳ..." ಎಂದರು ಗುರುಜಿ.

"ನೀವೂ ಇರ್ರಿ ಮತ್ತ. ಮಣ್ಣ ಚಂದ ಕಲಸ್ತೀರಿ."

ಸಂಜೆ ಗುರುಜಿ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಹವಾಲ್ದಾರರು ಕೀಲಿಕೈ ತಿರುಗಿಸುತ್ತ ಬಂದು ಪಕ್ಕದಲ್ಲಿ ಕೂತರು.

"ಬ್ಯಾಸರ ಮಾಡ್ಕೋಬ್ಯಾಡ್ರಿ ಗುರುಜಿ. ನನಗೂ ಕೆಟ್ಟ ಅನಸ್ತದ. ಖೋಲಿ ಗ್ವಾಡಿ ಈ ಜಗಲಿಗೇ ಹತ್ತೇದಲ್ಲಾ, ಒಂದು ಕಳ್ಳದಾರಿ ತೋಡ್ಲೇನು? ಯಾರಿಗೂ ತಿಳಿಯೂದಿಲ್ಲ. ನೀವು ನಿಮ್ಮ ಭೂಗೋಳ ತಗೊಂಡು ಒಳಗ ಬರಬಹುದು."

ಅಷ್ಟರಲ್ಲಿ ಗಾಳಿ ಬೀಸಿತ್ತು. ಏಷ್ಯಾ ಖಂಡವನ್ನು ಹಿಡಿದು ತರಲು ಗುರುಜಿ ಸಂಗೀತದ ಕ್ಲಾಸಿನ ಕಡೆ ಹೊರಟರು.