ಬಿರುಕಿಗೆ ಅಂಟಿಸಿದ ಗಾಜು

ಟಿಣ್.

ಸರಿರಾತ್ರಿಯಲ್ಲಿ ಆ ಸದ್ದು ಕೇಳಿದ್ದೇ ತಡ, ಗೋಪೀನಾಥ ಹಾಸಿಗೆಯಲ್ಲಿ ಎದ್ದು ಕೂತ. ಬೇರೆ ಯಾರೇ ಆಗಿದ್ದರೂ ಇಲಿ ಲೋಟ ಉರುಳಿಸಿತು ಎಂದುಕೊಂಡು ಮಗ್ಗುಲು ಬದಲಿಸುತ್ತಿದ್ದರು. ಅವನು ತುಂಗಭದ್ರಾ ಡ್ಯಾಮಿನ ಕಾಲುವೆ ಆಫೀಸಿನ ಎಂಜಿನಿಯರು. ಟಾರ್ಚು ಹಿಡಿದು ನಡುಮನೆಗೆ ಹೋದ. ಗೋಡೆಯ ಬಿರುಕಿಗೆ ಅಡ್ಡಲಾಗಿ ಸಿಮೆಂಟಿನಿಂದ ಅಂಟಿಸಿದ್ದ ಗಾಜಿನ ಪಟ್ಟಿ ಎರಡು ತುಂಡಾಗಿತ್ತು. ಗಾಜು ಒಡೆಯಿತೆಂದರೆ ಬಿರುಕು ಇನ್ನೂ ಬೆಳೆಯುತ್ತಿದೆ ಎಂದರ್ಥ.

ಊರಲ್ಲಿ ಯಾರ ಮನೆ ಬೇಕಾದರೂ ಬಿರುಕು ಬಿಡಬಹುದಿತ್ತು. ಗೋಪೀನಾಥನದು ಬಿಡುವ ಹಾಗಿರಲಿಲ್ಲ. ಎರೆಭೂಮಿಯಲ್ಲಿ ಬುನಾದಿ ಹೇಗಿರಬೇಕೆಂಬ ನಿಯಮಾವಳಿಯನ್ನು ಬರೆದವನೇ ಅವನು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದನ್ನು ನಂಬದೆ ಗಟ್ಟಿ ನೆಲ ಸಿಗುವ ತನಕ ಕೊರೆದು ಕಾಂಕ್ರೀಟಿನ ಕಂಬ ಇಳಿಸಬೇಕು, ಅಂದರೆ ಪೈಲ್ ಹಾಕಬೇಕು ಎಂಬುದು ಮೊದಲನೆಯ ನಿಯಮ. ಅವನ ಸ್ವಂತ ಮನೆಯ ಕೆಳಗೆ ಒಂದೂ ಪೈಲ್ ಇರಲಿಲ್ಲ. ಕಟ್ಟುವ ಹೊತ್ತಿಗೆ ಕೊರೆಯುವ ಯಂತ್ರ ಕಂಪ್ಲಿಯ ಕಡೆ ಹೋಗಿತ್ತು. "ಯಂತ್ರ ಇವತ್ತಲ್ಲ ನಾಳೆ ಬಂದೀತು, ಆಷಾಢದ ಮುಂಚಿನ ಮುಹೂರ್ತ ತಿರುಗಿ ಬರ್ತದೇನು?" ಎಂದು ಅತ್ತೆ ಯಮುನಾಬಾಯಿ ಕೇಳಿದ್ದರು. ಕಲ್ಲಿನ ಬುನಾದಿಯ ಮೇಲೆಯೇ ಹಾಲು ಉಕ್ಕಿಸಿದ್ದಾಯಿತು.

ಬೆಳಗಾದರೆ ದೊಡ್ಡ ಎಂಜಿನಿಯರು ತಿರುಮಲರಾಯರು ನಿಯಮಾವಳಿಗೆ ಒಪ್ಪಿಗೆ ಕೊಡಲು ಬರುವವರಿದ್ದರು. ಪ್ರವಾಸಿ ಬಂಗಲೆಯಲ್ಲಿ ಮಂತ್ರಿಗಳ ಪರಿವಾರ ಬೀಡು ಬಿಟ್ಟಿದ್ದರಿಂದ ರಾಯರ ಊಟ ಗೋಪೀನಾಥನ ಮನೆಯಲ್ಲಿ. ಎಲ್ಲ ಸರಿಹೋದರೆ ಬಡ್ತಿ. ಬಿರುಕು ಕಂಡರೆ ನಿಯಮಾವಳಿಗೂ ಮಾನಕ್ಕೂ ಒಟ್ಟಿಗೇ ತರ್ಪಣ.

ಬೆಳಿಗ್ಗೆ ಬಿರುಕಿನ ಮೇಲೆ ಕ್ಯಾಲೆಂಡರು ತೂಗುಹಾಕಿದ. ಗಿಡ್ಡ ಪಂಚೆ ಉಟ್ಟವನ ಮೊಣಕಾಲಿನ ಹಾಗೆ ಬಿರುಕು ಕೆಳಗೆ ಇಣುಕಿತು.

ಅಷ್ಟರಲ್ಲಿ ಪಕ್ಕದ ಮನೆಯ ದುರ್ಗಕ್ಕ ಊಟಕ್ಕೆಂದು ಬಾಳೆಲೆ ಹೊತ್ತು ತಂದಳು. ಒಂದೊಂದು ಎಲೆಯೂ ಚಾಪೆಯಷ್ಟಿತ್ತು. ಗೋಡೆ ನೋಡಿ, "ಅಯ್ಯ, ಇದಕ್ಯಾಕ ಅಷ್ಟು ಚಿಂತಿ ಮಾಡ್ತೀರಿ ಸಾಹೇಬ್ರ?" ಎಂದು ಮನೆಗೆ ಓಡಿ, ಮಗಳ ಮದುವೆಯ ಆಳೆತ್ತರದ ಫೋಟೋ ತಂದು ಗೋಡೆಗೆ ಏರಿಸಿಯೇಬಿಟ್ಟಳು. ಬಿರುಕು ಪೂರ್ತಿ ಮುಚ್ಚಿತು.

ಮಧ್ಯಾಹ್ನ ರಾಯರು ಬಂದರು. ಎಲೆಯ ಮುಂದೆ ಕೂತು, "ಎಂಥಾ ಎಲಿ ಅದಾವಲ್ರೀ!" ಎಂದರು. ಮುಖ ಎತ್ತಿದವರೇ, "ಫೋಟೋದಾಗಿನವರು ಯಾರು?"

"ಪಕ್ಕದ ಮನಿಯವರ ಅಳಿಯ, ಸರ್."

"ನಿಮ್ಮ ನಡುಮನ್ಯಾಗ?"

"ಅಳಿಯ ಭಾಳ ಒಳ್ಳೆಯವ, ಸರ್."

ಊಟ ಮುಗಿಸಿ ರಾಯರು ಕೈ ತೊಳೆಯಲು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಮನೆ ವಾಲಿದಂತೆ ಚೌಕಟ್ಟೂ ಸೊಟ್ಟಗಾಗಿದ್ದರಿಂದ ಆ ಬಾಗಿಲನ್ನು ಹಾಕಬಾರದೆಂದು ಮನೆಯವರಿಗೆ ಗೊತ್ತಿತ್ತು, ಅತಿಥಿಗೆ ಗೊತ್ತಿರಲಿಲ್ಲ.

"ಗೋಪೀನಾಥ! ಬಾಗಿಲಾ ಬರವಲ್ದು!"

"ಒದೀರಿ ಸಾಹೇಬ್ರ, ಜೋರಿಂದ ಒದೀರಿ!" ಎಂದು ಹಿತ್ತಲಿನಿಂದ ದುರ್ಗಕ್ಕ ಕೂಗಿದಳು. ರಾಯರು ಒಳಗಿನಿಂದ ಎಳೆದರು, ಗೋಪೀನಾಥ ಹೊರಗಿನಿಂದ ಭುಜ ಕೊಟ್ಟ. ಬಾಗಿಲು ತೆರೆದುಕೊಂಡ ರಭಸಕ್ಕೆ ನಡುಮನೆಯ ಫೋಟೋ ಧೊಪ್ಪೆಂದು ಜಾರಿ, ಒಳ್ಳೆಯ ಅಳಿಯ ಗೋಡೆಗೆ ಒರಗಿ ನಿಂತ.

ರಾಯರು ಬಿರುಕು ನೋಡಿದರು. ಒಡೆದ ಗಾಜು ನೋಡಿದರು.

"ಪೈಲ್ ಹಾಕಿಲ್ಲೇನು?"

"ಇಲ್ಲ, ಸರ್."

ರಾಯರು ಅವನನ್ನು ತಬ್ಬಿಕೊಂಡರು! "ಭಲೇ! ಪೈಲ್ ಇಲ್ದಿದ್ರ ಏನಾಗ್ತದ ಅಂತ ಸ್ವಂತ ಮನಿ ಮ್ಯಾಲೇ ಪ್ರಯೋಗ ಮಾಡೀರಿ. ಗಾಜು ಬ್ಯಾರೆ ಹಚ್ಚೀರಿ!"

ಗೋಪೀನಾಥ ಬಾಯಿ ತೆರೆದ. ಹೆಂಡತಿ ಇಂದಿರಾಬಾಯಿ ನಡುವೆ ಬಂದು, "ಹೌದ್ರಿ, ಇವರಿಗೆ ರಾತ್ರಿ ನಿದ್ದೀನ ಇಲ್ಲ" ಎಂದಳು. ಅದು ಸುಳ್ಳೇನೂ ಆಗಿರಲಿಲ್ಲ.

"ನಿಯಮಾವಳಿಗೆ ಇವತ್ತ ಒಪ್ಪಿಗಿ," ಎಂದರು ರಾಯರು. "ಕಾಲುವಿ ಬಾಜೂಕಿನ ಊರಿಗೆಲ್ಲ ಪೈಲ್ ಎಷ್ಟು ಆಳ ಇರಬೇಕು ಅನ್ನೋದನ್ನ ಈ ಬಿರುಕು ಹೇಳಲಿ. ಮೂರು ಮಳಿಗಾಲ ರಿಪೇರಿ ಮಾಡಬ್ಯಾಡ್ರಿ. ಮನಿ ಸುತ್ತ ಒಂದು ಹುಲ್ಲುಕಡ್ಡಿನೂ ಅಲುಗಾಡಬಾರದು, ಅಳತಿ ಕೆಡ್ತದ."

"ಸರ್, ಬಡ್ತಿ..."

"ಬಡ್ತಿ ಕೊಟ್ರ ಬ್ಯಾರೆ ಊರಿಗೆ ಹೋಗಬೇಕಲ್ಲ? ಪ್ರಯೋಗ ಮುಗೀಲಿ."

ಸಂಜೆ ಗೋಪೀನಾಥ ಫೋಟೋ ಹೊತ್ತು ಹಿತ್ತಲಿಗೆ ಹೋದ. ದುರ್ಗಕ್ಕ ಸಲಿಕೆ ಹಿಡಿದು ತನ್ನ ಬಚ್ಚಲ ನೀರಿನ ಕಾಲುವೆಯನ್ನು ಅಗಲ ಮಾಡುತ್ತಿದ್ದಳು. ಆ ಕಾಲುವೆ ಬಾಳೆಗಿಡಗಳ ಬುಡ ತೋಯಿಸಿ, ನೇರ ಗೋಪೀನಾಥನ ಗೋಡೆಯ ಬುಡಕ್ಕೆ ಬಂದು ಇಂಗುತ್ತಿತ್ತು. ಆ ಗೋಡೆಯ ಒಳಮೈಯಲ್ಲೇ ಬಿರುಕು. ಮನೆಯ ಬೇರೆ ಯಾವ ಗೋಡೆಯಲ್ಲೂ ಬಿರುಕಿಲ್ಲ ಎಂಬುದು ಅವನಿಗೆ ಆಗ ಹೊಳೆಯಿತು.

"ಯಾಕ್ರೀ ದುರ್ಗಕ್ಕ, ಅಗಲ ಮಾಡ್ಲಿಕತ್ತೀರಿ?"

"ನಾಳಿ ಮಗಳು ಬಾಣಂತನಕ್ಕ ಬರ್ತಾಳ್ರಿ. ಐದು ತಿಂಗಳು ಮುಂಜಾನಿ ಸಂಜಿ ಹಂಡೆಗಟ್ಲೆ ಬಿಸಿನೀರು. ಇನ್ನ ಬಾಳಿ ನೋಡ್ರಿ ನೀವು, ಕಂಪ್ಲ್ಯಾಗ ಸೈತ ಇಂಥಾವು ಸಿಗಂಗಿಲ್ಲ!"

ನೀರು ತಿರುಗಿಸಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತಿರುಗಿಸಿದರೆ ಅಳತೆ ಕೆಡುತ್ತದೆ. ಅಳತೆ ಯಾಕೆ ಕೆಟ್ಟಿತೆಂದು ರಾಯರು ಕೇಳಿದರೆ, ಜಿಲ್ಲೆಯ ಪೈಲುಗಳ ಆಳವೆಲ್ಲ ದುರ್ಗಕ್ಕನ ಬಚ್ಚಲಿನಿಂದ ಹೊರಟಿದ್ದು ಎಂದು ಹೇಳಬೇಕಾಗುತ್ತದೆ.

"ಬಾಳಿ ಛಲೋ ಅದಾವ," ಎಂದು ಹೇಳಿ ಮನೆಗೆ ಬಂದ.

ಹೊಸ ಗಾಜಿನ ಪಟ್ಟಿ ಕತ್ತರಿಸುತ್ತ ಕೂತವನನ್ನು ಇಂದಿರಾಬಾಯಿ, "ಮತ್ತೇನಾತ್ರೀ?" ಎಂದು ಕೇಳಿದಳು.

"ಏನಿಲ್ಲ."

ಯಾರಿಗೂ ಹೇಳಬಾರದೆಂದು ಅವನು ತೀರ್ಮಾನಿಸಿದ್ದ. ಮನೆ ಕಟ್ಟುವಾಗ ಪಾಲಿಸದ ನಿಯಮವನ್ನು ಈ ಒಂದು ವಿಷಯದಲ್ಲಿ ಪಾಲಿಸಿ, ಆ ಮಾತನ್ನು ಗಟ್ಟಿ ನೆಲ ಸಿಗುವಷ್ಟು ಆಳಕ್ಕೆ ಇಳಿಸಿಬಿಟ್ಟ.